ಪತಿವ್ರತೆ ಮೆಷಿನ್ನು

ಡ್ರೈವು ಕಟಕಟ ಎಂದಿತು, ಕರ್ರ್ ಎಂದು ಒಮ್ಮೆ ಗೋಳಾಡಿತು, ಸುಮ್ಮನಾಯಿತು. ಬೆಳಗಿನಿಂದ ಕೊಡುತ್ತಿದ್ದ ಉತ್ತರವನ್ನೇ ಪರದೆ ಮತ್ತೆ ಕೊಟ್ಟಿತು. ಫ್ಲಾಪಿ ಓದಲಾಗುತ್ತಿಲ್ಲ.

“ಇನ್ನೊಂದು ಸಲ ಹಾಕು,” ಎಂದಳು ಪತ್ತೇದಾರಿಣಿ.

“ಬೇಡ ಅಕ್ಕ. ಹಾಕಿದಷ್ಟೂ ಅದರ ಮೈ ಕೆರೆಯುತ್ತೆ,” ಎಂದ ರಿಪೇರಿಯವನು.

ಅವನ ಹಣೆಯ ಮೇಲೆ ರಬ್ಬರ್ ಪಟ್ಟಿ ಕಟ್ಟಿದ ಭೂತಗನ್ನಡಿ ಯಾವಾಗಲೂ ಇರುತ್ತಿತ್ತು. ಹೀಗಾಗಿ ಬೀದಿಗೆ ಬೀದಿಯೇ ಅವನನ್ನು ಭೂತಗನ್ನಡಿ ಎಂದು ಕರೆಯುತ್ತಿತ್ತು. ಸಿಟ್ಟು ಬಂದಾಗ ಹೆಂಡತಿಯೂ ಹಾಗೇ ಕರೆಯುತ್ತಾಳೆಂದು ಅವನೇ ಹೇಳಿಕೊಂಡು ನಗುತ್ತಿದ್ದ. ಇವತ್ತು ಮಾತ್ರ ಅವನ ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ.

ಆಸ್ಪತ್ರೆಯ ರಕ್ತನಿಧಿಯಲ್ಲಿ ಕೆಲಸಕ್ಕಿದ್ದ ಪತ್ತೇದಾರಿಣಿಯ ತಮ್ಮ, ಕಂಪ್ಯೂಟರಿನಲ್ಲಿ ರಕ್ತದ ಗುಂಪನ್ನು ತಪ್ಪಾಗಿ ತುಂಬಿ ಒಬ್ಬ ಬಾಣಂತಿಯ ಜೀವ ತೆಗೆದನೆಂಬ ಆರೋಪ ಹೊತ್ತು ಜೈಲಿನಲ್ಲಿದ್ದ. ಅವನು ತುಂಬಿದ್ದು ಸರಿಯಾಗಿಯೇ ಇತ್ತು, ಆಮೇಲೆ ಯಾರೋ ತಿದ್ದಿದರು ಎನ್ನಲು ಇದ್ದದ್ದು ಈ ಒಂದೇ ಒಂದು ಫ್ಲಾಪಿ. ಆ ಸಂಜೆ ಮನೆಗೆ ಹೊರಡುವ ಮುಂಚೆ ಅವನು ಅಂದಿನ ಕೆಲಸವನ್ನೆಲ್ಲ ಇದರೊಳಗೆ ನಕಲು ಮಾಡಿಟ್ಟುಕೊಂಡಿದ್ದ. ನಾಳೆ ಕೋರ್ಟಿನಲ್ಲಿ ಕೊನೆಯ ವಿಚಾರಣೆ.

ಪೊಲೀಸರ ಮೆಷಿನ್ನು ಇದನ್ನು ಓದಿರಲಿಲ್ಲ. ಕಾಲೇಜಿನದು ಓದಿರಲಿಲ್ಲ. ಅಂಗಡಿ ಅಂಗಡಿ ಸುತ್ತಿದ್ದಾಯಿತು, ಯಾವುದೂ ಓದಲಿಲ್ಲ. ಗುಟ್ಟು ಬಯಲಾಗಬಾರದೆಂದು ಆರೋಪಿಯೇ ಕೆಡಿಸಿದ್ದಾನೆ ಎಂದು ಸರ್ಕಾರಿ ವಕೀಲರು ಕೋರ್ಟಿನಲ್ಲಿ ಹೇಳಿದಾಗ ತಮ್ಮ ಕಟಕಟೆಯಲ್ಲಿ ನಿಂತು ಅಕ್ಕನ ಮುಖ ನೋಡಿದ್ದ. ಆ ನೋಟ ಅವಳನ್ನು ನಿದ್ದೆ ಮಾಡಲು ಬಿಟ್ಟಿರಲಿಲ್ಲ.

ಕೊನೆಗೆ ಅವಳಿಗೆ ಹೊಳೆದದ್ದು, ಬರೆದ ಮೆಷಿನ್ನೇ ಓದಬಹುದು ಎಂದು. ರಕ್ತನಿಧಿಯವರು ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕಿ ಕೈತೊಳೆದುಕೊಂಡಿದ್ದರು. ಗುಜರಿಯಿಂದ ಗುಜರಿಗೆ ಅಲೆದು, ಕಡೆಗೆ ಅದನ್ನು ಇದೇ ಭೂತಗನ್ನಡಿಯ ಅಂಗಡಿಯ ಮೂಲೆಯಲ್ಲಿ ಕಂಡಾಗ ಅವಳು ಅಲ್ಲೇ ಸ್ಟೂಲಿನ ಮೇಲೆ ಕುಸಿದು ಅತ್ತುಬಿಟ್ಟಿದ್ದಳು. ಈಗ ಆ ಮೆಷಿನ್ನೂ ಕೈಯೆತ್ತಿತ್ತು.

ಭೂತಗನ್ನಡಿ ತನ್ನ ಬತ್ತಳಿಕೆಯಲ್ಲಿದ್ದದ್ದನ್ನೆಲ್ಲ ಪ್ರಯೋಗಿಸಿದ್ದ. ಹತ್ತಿಗೆ ಸ್ಪಿರಿಟ್ ಹಚ್ಚಿ ಡ್ರೈವಿನ ಹೆಡ್ಡು ಒರೆಸಿದ. ಪಟ್ಟಿಯಂಥ ಕೇಬಲ್ಲು ಬಿಚ್ಚಿ ಹಾಕಿದ, ಆಮೇಲೆ ಬೇರೆಯದೇ ಹಾಕಿ ನೋಡಿದ. ಫ್ಲಾಪಿಯ ಬಾಯಿಗಿದ್ದ ತಗಡಿನ ಬಾಗಿಲು ಸೊಟ್ಟಗಾಗಿದ್ದರಿಂದ ಅದನ್ನೂ ಮೊನ್ನೆಯೇ ಬದಲಾಯಿಸಿದ್ದ. ಆ ಬಾಗಿಲಿಗೆಂದು ಒಂದು ಹಾಳು ಫ್ಲಾಪಿ ತಂದುಕೊಟ್ಟವಳು ಪತ್ತೇದಾರಿಣಿಯೇ. ಅವಳ ಸೋದರಮಾವ ಟೀ ಲೋಟದ ಕೆಳಗೆ ಇಟ್ಟುಕೊಳ್ಳುತ್ತಿದ್ದ ಫ್ಲಾಪಿ ಅದು. ಸತ್ತ ಫ್ಲಾಪಿ, ಯಾವ ಮೆಷಿನ್ನೂ ಓದಲ್ಲ, ತಗೊಂಡು ಹೋಗು ಎಂದು ಅವರೇ ಕೊಟ್ಟಿದ್ದರು. ಭೂತಗನ್ನಡಿ ಅದರ ಬಾಗಿಲು ಕಿತ್ತುಕೊಂಡು ಉಳಿದದ್ದನ್ನು ಹಾಳು ಫ್ಲಾಪಿಗಳ ಡಬ್ಬಕ್ಕೆ ಎಸೆದಿದ್ದ.

“ಮೆಷಿನ್ನಿನ ತಪ್ಪಲ್ಲ ಅಕ್ಕ, ಬೇಕಾದ್ರೆ ನೋಡಿ,” ಎಂದು ಅವನು ಪಕ್ಕದಲ್ಲಿದ್ದ ಫ್ಲಾಪಿಗಳನ್ನು ಒಂದೊಂದಾಗಿ ತುರುಕಿ ತೋರಿಸಿದ. ಮುದ್ರಣಾಲಯದವರದು, ಪಕ್ಕದ ಔಷಧಿ ಅಂಗಡಿಯವರದು, ಅವನ ಮಗಳ ಆಟದ್ದು. ಎಲ್ಲವೂ ಪರದೆಯ ಮೇಲೆ ಸರಸರ ತೆರೆದುಕೊಂಡವು. “ಯಾರ ಫ್ಲಾಪಿ ಕೊಟ್ರೂ ಗಟಗಟ ಓದುತ್ತೆ.”

ಯಾರ ಫ್ಲಾಪಿ ಕೊಟ್ಟರೂ.

ಪತ್ತೇದಾರಿಣಿ ಆ ಮಾತನ್ನೇ ಹಿಡಿದಳು. ಬಾಣಂತಿ ಸತ್ತ ರಾತ್ರಿ, ಅಂದರೆ ಆ ಸುದ್ದಿ ಇನ್ನೂ ಯಾರಿಗೂ ಮುಟ್ಟಿರದ ಹೊತ್ತಿನಲ್ಲಿ, ತಮ್ಮ ಅವಳ ಮನೆಯಲ್ಲೇ ಊಟಕ್ಕೆ ಕೂತಿದ್ದ. ಮಾವನೂ ಬರುತ್ತೇನೆಂದಿದ್ದರು. ಅವರಿಗೆ ಬಡಿಸಲು ತಟ್ಟೆ ಇಟ್ಟಿದ್ದಳು. ಕಕ್ಷಿದಾರರು ಬಂದು ಕೂತಿದ್ದಾರೆ ಎಂದು ಹೇಳಿಕಳಿಸಿದರು, ತಟ್ಟೆ ಖಾಲಿಯೇ ಉಳಿಯಿತು. ಆ ಊಟದ ನಡುವೆ ತಮ್ಮ ತನ್ನ ಆಫೀಸಿನ ಜೋಕು ಹೇಳಿದ್ದ. ನಮ್ಮ ಮೆಷಿನ್ನು ಪತಿವ್ರತೆ ಅಕ್ಕ, ಪರರ ಫ್ಲಾಪಿ ಮುಟ್ಟೋದೇ ಇಲ್ಲ, ನಮ್ಮ ಫ್ಲಾಪಿಗಳೂ ಅಷ್ಟೇ, ಅವಳನ್ನ ಬಿಟ್ಟು ಬೇರೆಯವಳ ಹತ್ರ ಬಾಯೇ ಬಿಡಲ್ಲ, ಅಂಥ ಸಂಸಾರ. ಅವಳು ಅರ್ಥವಾಗದಿದ್ದರೂ ನಕ್ಕಿದ್ದಳು.

ಈಗ ಅರ್ಥವಾಯಿತು. ಅವಳು ಡ್ರೈವಿನ ಕಡೆ ಬೆರಳು ತೋರಿಸಿದಳು.

“ಇದು ನಿನ್ನ ಕೈಗೆ ಬಂದಾಗ ಹೀಗೇ ಓದ್ತಿತ್ತಾ?”

“ಎಲ್ಲಿ ಓದ್ತಿತ್ತು? ಒಂದನ್ನೂ ಮುಟ್ಟುತ್ತಿರಲಿಲ್ಲ. ನಾನೇ ಸರಿ ಮಾಡಿದ್ದು.”

“ಏನು ಸರಿ ಮಾಡ್ದೆ?”

ಅವನು ಹುಮ್ಮಸ್ಸಿನಿಂದಲೇ ವಿವರಿಸಿದ. ಫ್ಲಾಪಿಯ ತಟ್ಟೆಯ ಮೇಲೆ ಕಣ್ಣಿಗೆ ಕಾಣದ ಗೆರೆಗಳಿರುತ್ತವೆ, ಹೆಡ್ಡು ಆ ಗೆರೆಗಳ ಮೇಲೇ ಓಡಾಡಿ ಬರೆಯಬೇಕು, ಓದಬೇಕು. ಈ ಡ್ರೈವಿನಲ್ಲಿ ಹೆಡ್ಡು ಕೂದಲೆಳೆಯಷ್ಟು ಪಕ್ಕಕ್ಕೆ ಸರಿದುಕೊಂಡಿತ್ತು. ಅದಕ್ಕೇ ಲೋಕದ ಯಾವ ಫ್ಲಾಪಿಯೂ ಅದಕ್ಕೆ ಕಾಣುತ್ತಿರಲಿಲ್ಲ. ತಾನು ತಿರುಪು ಸಡಿಲಿಸಿ, ಒಳ್ಳೆಯ ಫ್ಲಾಪಿಯೊಂದನ್ನು ಎದುರಿಗಿಟ್ಟುಕೊಂಡು ಇಡೀ ದಿನ ಕೂತು, ಹೆಡ್ಡನ್ನು ಸರಿಯಾದ ಗೆರೆಗೆ ತಂದು ಕೂರಿಸಿದೆ ಎಂದ. ಬೇರೆ ಯಾರಾದರೂ ಆಗಿದ್ದರೆ ಎಸೆದುಬಿಡುತ್ತಿದ್ದರು ಎಂದೂ ಸೇರಿಸಿದ.

ಹೇಳುತ್ತಾ ಹೇಳುತ್ತಾ ಅವನ ಮಾತು ನಿಧಾನವಾಯಿತು. ದಡ್ಡನೇನಲ್ಲ ಅವನು.

“ಪಕ್ಕದ ಗೆರೆಯಲ್ಲೇ ಬರೀತಿತ್ತು,” ಎಂದಳು ಅವಳು. “ಪಕ್ಕದ ಗೆರೆಯಲ್ಲೇ ಓದ್ತಿತ್ತು. ನನ್ನ ತಮ್ಮನ ಫ್ಲಾಪಿ ಕೆಟ್ಟಿಲ್ಲ. ಅದನ್ನ ಓದೋ ಕಣ್ಣು ಇಡೀ ಲೋಕದಲ್ಲಿ ಒಂದೇ ಇತ್ತು. ಅದನ್ನ ನೀನು ಸರಿ ಮಾಡಿಬಿಟ್ಟೆ.”

ಭೂತಗನ್ನಡಿ ಹಣೆಯ ಕನ್ನಡಿಯನ್ನು ಕಳಚಿ ಮೇಜಿನ ಮೇಲಿಟ್ಟ. ಅದಿಲ್ಲದೆ ಅವನ ಮುಖ ಯಾರದೋ ಎಂಬಂತಿತ್ತು.

ಅವಳಿಗೆ ಅವನನ್ನು ಬಾಯಿಗೆ ಬಂದಂತೆ ಬೈಯಬೇಕೆನಿಸಿತು. ಬೈದಳು ಕೂಡ. ನಿನ್ನನ್ನ ಯಾರು ಕೇಳಿದ್ದರು, ಮೂಲೆಯಲ್ಲಿ ಬಿದ್ದಿದ್ದನ್ನ ಯಾಕೆ ಮುಟ್ಟಿದೆ, ನಿನ್ನ ಕೈಗೆ ಅಷ್ಟು ತುರಿಕೆಯಾ ಎಂದಳು. ಅವನು ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡ. ಕೊನೆಗೆ ಒಂದೇ ಮಾತು ಹೇಳಿದ.

“ಕೆಟ್ಟಿದ್ದನ್ನ ಸರಿ ಮಾಡೋದೇ ನನ್ನ ಕೆಲಸ ಅಲ್ವಾ ಅಕ್ಕ.”

ಅವಳ ಕೋಪ ಅಲ್ಲಿಗೆ ಇಳಿಯಿತು.

ಮತ್ತೆ ಕೆಡಿಸಲಾಗದೇ ಎಂದು ಕೇಳಿದಳು. ಕೆಡಿಸಬಹುದು ಎಂದ ಅವನು. ಆದರೆ ಎಡಕ್ಕೋ ಬಲಕ್ಕೋ, ಎಷ್ಟಕ್ಕೋ, ಅಳೆದಿಟ್ಟುಕೊಂಡಿಲ್ಲ. ಕೆಟ್ಟಿದ್ದನ್ನ ಯಾರು ಅಳೆದಿಡ್ತಾರೆ? ಫ್ಲಾಪಿ ಒಳಗೆ ಹಾಕಿ, ಹೆಡ್ಡನ್ನು ಒಂದಿಷ್ಟಿಷ್ಟೇ ಸರಿಸುತ್ತಾ, ಓದುತ್ತದೆಯೇ ಎಂದು ಮತ್ತೆ ಮತ್ತೆ ನೋಡಬೇಕು. ತಮ್ಮನ ಫ್ಲಾಪಿಗೆ ಆಗಲೇ ಬೂಷ್ಟು ಹಿಡಿದಿದೆ, ಕಂದು ಲೇಪದ ಮೇಲೆ ಗೀರು ಬಿದ್ದಿದೆ. ಅಷ್ಟು ತಿಕ್ಕಾಟ ಅದು ತಡೆಯುವುದಿಲ್ಲ, ಸರಿಯಾದ ಜಾಗ ಸಿಗುವಷ್ಟರಲ್ಲಿ ಓದಲು ಏನೂ ಉಳಿದಿರುವುದಿಲ್ಲ.

“ಆ ಕಾಲದಲ್ಲಿ ಇದೇ ಮೆಷಿನ್ನಲ್ಲಿ ಬರೆದ ಇನ್ನೊಂದು ಫ್ಲಾಪಿ ಇದ್ದಿದ್ರೆ,” ಎಂದ ಅವನು. “ಅದನ್ನ ಬಲಿ ಕೊಟ್ಟು ಜಾಗ ಹುಡುಕ್ತಿದ್ದೆ. ಆಮೇಲೆ ತಮ್ಮಂದು ಒಂದೇ ಒಂದು ಸಲ ಹಾಕಿದ್ರೆ ಸಾಕಿತ್ತು.”

ಅಂಥದ್ದು ಎಲ್ಲಿಂದ ತರುವುದು? ರಕ್ತನಿಧಿಯವರು ಹಳೆಯ ಫ್ಲಾಪಿಗಳನ್ನೆಲ್ಲ ಕಸದ ಜೊತೆ ಸುಟ್ಟಿದ್ದರು. ಹೊರಗೆ ಒಯ್ದರೆ ಓದದ ಫ್ಲಾಪಿಯನ್ನು ಹೊರಗೆ ಒಯ್ದವರು ಯಾರೂ ಇರಲಿಲ್ಲ.

ಅವಳು ತಮ್ಮನ ಫ್ಲಾಪಿಯನ್ನು ಕರ್ಚೀಫಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಎದ್ದಳು.

* * *

ಮಾವನ ಕಚೇರಿ ಎರಡು ಬೀದಿಯಾಚೆ, ಮೆಟ್ಟಿಲು ಹತ್ತಿ ಹೋಗಬೇಕಾದ ಮಹಡಿಯಲ್ಲಿತ್ತು. ಅಪ್ಪ ಅಮ್ಮ ಹೋದ ಮೇಲೆ ಇವಳನ್ನೂ ತಮ್ಮನನ್ನೂ ಸಾಕಿದವರು ಅವರೇ. ಊರವರಿಗೆ ವಕೀಲರು, ಇವರಿಗೆ ವಕೀಲ ಮಾವ. ತಮ್ಮನ ಕೇಸು ನಡೆಸುತ್ತಿದ್ದವರೂ ಅವರೇ. ಫೀಸಿನ ಮಾತೆತ್ತಿದರೆ ಕಪಾಳಕ್ಕೆ ಬಿಡ್ತೀನಿ ಎನ್ನುತ್ತಿದ್ದರು. ಕಂಪ್ಯೂಟರೆಂದರೆ ಅವರಿಗೆ ಹೂಕುಂಡ ಇಡಲು ಒಳ್ಳೆಯ ಪೆಟ್ಟಿಗೆ. ರಕ್ತ ಕಂಡರೆ ತಲೆ ಸುತ್ತುತ್ತದೆಂದು ರಕ್ತನಿಧಿಯ ಹೊಸಿಲನ್ನೂ ತುಳಿದವರಲ್ಲ. ಕೇಸಿಗೆ ಬೇಕಾದ ಓಡಾಟವೆಲ್ಲ ಇವಳದೇ.

ಬಾಗಿಲಲ್ಲಿ ಅವಳ ಮುಖ ನೋಡಿಯೇ ಮಾವ ಎದ್ದು ಬಂದರು. ಕೂರಿಸಿದರು. ಮಗಳೇ ಮೊದಲು ಟೀ ಕುಡಿ ಎಂದರು.

ಅವಳು ಎಲ್ಲವನ್ನೂ ಹೇಳಿಕೊಂಡಳು. ಓರೆಯಾಗಿದ್ದ ಹೆಡ್ಡು, ಪಕ್ಕದ ಗೆರೆ, ಭೂತಗನ್ನಡಿಯ ಕೈಗುಣ. ಮಾವ ಲೋಟ ಕೈಯಲ್ಲಿ ಹಿಡಿದು ಕೇಳುತ್ತಿದ್ದರು. ಟೀ ಕುಡಿಯುವುದನ್ನು ಮರೆತಿದ್ದರು.

“ಅಂದ್ರೆ,” ಎಂದು ನಿಧಾನವಾಗಿ ಕೇಳಿದರು, “ಯಾವ ಮೆಷಿನ್ನೂ ಓದಲ್ಲ ಅಂದ ಮಾತ್ರಕ್ಕೆ ಫ್ಲಾಪಿ ಸತ್ತಿದೆ ಅಂತಲ್ಲ?”

“ಅಲ್ಲ ಮಾವ. ಒಳಗೆ ಎಲ್ಲ ಹಾಗೇ ಇರುತ್ತೆ.”

“ಎಲ್ಲ ಹಾಗೇ ಇರುತ್ತೆ,” ಎಂದು ಮಾವ ಮೆಲ್ಲಗೆ ತಮಗೆ ತಾವೇ ಅಂದುಕೊಂಡರು. ಲೋಟ ಇಡಲು ಜಾಗ ಹುಡುಕುವವರಂತೆ ಮೇಜನ್ನು ನೋಡಿದರು. ಅಲ್ಲಿ ಈಗ ಮಡಿಸಿದ ಪೇಪರಿನ ತುಂಡಿತ್ತು. ಅದರ ಮೇಲೆ ಇಟ್ಟರು.

ಯಾರ ಮೇಲೆ ಅನುಮಾನ ಎಂಬುದನ್ನು ಅವರಿಬ್ಬರೂ ನೂರು ಸಲ ಮಾತಾಡಿದ್ದರು. ಆ ಕೋಣೆಯ ಬೀಗದಕೈ ಇದ್ದದ್ದು ರಕ್ತನಿಧಿಯ ಡಾಕ್ಟರ ಹತ್ತಿರ ಮತ್ತು ರಾತ್ರಿ ಪಾಳಿಯ ಗುಮಾಸ್ತನ ಹತ್ತಿರ. ಗುಮಾಸ್ತ ಒಮ್ಮೆ ಅವಳೆದುರು ಬಾಯಿ ಜಾರಿ, ದೊಡ್ಡವರು ಬಂದು ನಿಂತರೆ ಬಾಗಿಲು ತೆಗೆಯದೆ ಇರೋಕಾಗುತ್ತಾ ಎಂದವನು ಮತ್ತೆ ತುಟಿ ಬಿಚ್ಚಿರಲಿಲ್ಲ. ದೊಡ್ಡವರೆಂದರೆ ಡಾಕ್ಟರೇ ಎಂದು ಮಾವ ಅಂದೇ ಲೆಕ್ಕ ಹಾಕಿಕೊಟ್ಟಿದ್ದರು. ಆದರೆ ಲೆಕ್ಕವನ್ನು ಕೋರ್ಟು ಕೇಳುತ್ತದೆಯೇ?

ಮಾವ ಈಗ ಆ ಮಾತು ಎತ್ತಲಿಲ್ಲ. ಬೇರೆಯದೇ ಹೇಳಿದರು. ನಾಳೆ ಹುಡುಗ ತಪ್ಪು ಒಪ್ಪಿಕೊಳ್ಳಲಿ. ಬೇಕಂತ ಮಾಡಿದ್ದಲ್ಲ, ಅಜಾಗರೂಕತೆ ಎಂದರೆ ಜಡ್ಜಿಗೆ ಕನಿಕರ ಬರುತ್ತದೆ. ಹಟ ಹಿಡಿದು ಕೂತರೆ, ಸಾಕ್ಷಿ ಕೆಡಿಸಿದ ಆರೋಪವೂ ಸೇರಿ ಅವನ ಹರೆಯವೆಲ್ಲ ಅಲ್ಲೇ ಕಳೆಯುತ್ತದೆ. ಅವನ ಕೈಯಲ್ಲಿ ಸಹಿ ಹಾಕಿಸುವುದು ನಿನ್ನಿಂದ ಮಾತ್ರ ಆಗುತ್ತೆ, ನನ್ನ ಮಾತು ಕೇಳಲ್ಲ.

“ಅವನು ಮಾಡಿಲ್ಲ ಮಾವ.”

“ನನಗೆ ಗೊತ್ತಿಲ್ವಾ?” ಎಂದರು ಮಾವ. ಅವರ ದನಿ ಒಡೆದಿತ್ತು. ಅವರಿಗೂ ಸಂಕಟವಾಗುತ್ತಿದೆ ಎಂದು ಅವಳಿಗೆ ಇನ್ನಷ್ಟು ದುಃಖ ಬಂತು.

ಹೊರಡುವಾಗ ಮಾವ ಫ್ಲಾಪಿಯನ್ನು ಕೇಳಿ ಇಸಿದುಕೊಂಡರು. ಓದಲಿ ಬಿಡಲಿ, ಕೋರ್ಟಿಗೆ ಒಪ್ಪಿಸಬೇಕಾದ ವಸ್ತು, ನನ್ನ ಬೀರುವಿನಲ್ಲಿ ಜೋಪಾನವಾಗಿರಲಿ ಎಂದರು. ಅವಳು ಕರ್ಚೀಫಿನ ಸಮೇತ ಕೊಟ್ಟಳು. ಎಷ್ಟೋ ವಾರಗಳಿಂದ ಅವಳು ಆ ಫ್ಲಾಪಿಯನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗಿದ್ದಳು. ಈಗ ಚೀಲ ಹಗುರವಾಯಿತು. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೊಂಡಳು.

ಪತ್ತೇದಾರಿಣಿಯಂತೆ, ಪತ್ತೇದಾರಿಣಿ. ಯಾರ್ಯಾರದೋ ಕಳೆದುಹೋದ ಒಡವೆ ಹುಡುಕಿಕೊಟ್ಟು ಹೆಸರು ಮಾಡಿದವಳು. ಒಡಹುಟ್ಟಿದವನ ವಿಷಯಕ್ಕೆ ಬಂದಾಗ ಕೈಗೆ ಸಿಕ್ಕಿದ್ದನ್ನೂ ಉಳಿಸಿಕೊಳ್ಳಲಾಗಲಿಲ್ಲ. ಬೀದಿಯ ಜನ ಸೊಪ್ಪು ತರಕಾರಿ ಕೊಳ್ಳುತ್ತಿದ್ದರು, ಬಸ್ಸಿಗೆ ಓಡುತ್ತಿದ್ದರು. ನಾಳೆ ತಮ್ಮನ ಎದುರು ನಿಂತು ಯಾವ ಬಾಯಿಂದ ಸಹಿ ಹಾಕು ಎನ್ನುವುದು? ಚಿಕ್ಕಂದಿನಲ್ಲಿ ಅವನು ಮಾಡದ ತಪ್ಪಿಗೆ ಮೇಷ್ಟ್ರು ಹೊಡೆದಾಗ, ಇವಳು ಶಾಲೆಗೆ ನುಗ್ಗಿ ಜಗಳವಾಡಿ ಬಂದವಳು. ಅವನು ಅದನ್ನೇ ನೆನಪಿಟ್ಟುಕೊಂಡು, ನೀನಿದ್ದೀಯಲ್ಲ ಅಕ್ಕ ಎಂದು ಜೈಲಿನ ಸರಳಿನ ಹಿಂದಿನಿಂದ ಹೇಳುತ್ತಿದ್ದ.

* * *

ಮನೆಯ ಬೀಗ ತೆಗೆಯುವಾಗಲೇ ಒಳಗೆ ಫೋನು ಹೊಡೆದುಕೊಳ್ಳುತ್ತಿತ್ತು. ಭೂತಗನ್ನಡಿ. ಅವನ ಮಾತು ತೊದಲುತ್ತಿತ್ತು. ಅಕ್ಕ, ಬೇಗ ಬನ್ನಿ, ಓದಿಬಿಡ್ತು ಎಂದ. ಏನು ಓದಿತು ಎಂದು ಕೇಳುವ ಮೊದಲೇ ಇಟ್ಟುಬಿಟ್ಟಿದ್ದ.

ಅವಳು ಹೋಗುವ ಹೊತ್ತಿಗೆ ಅಂಗಡಿಯಲ್ಲಿ ಆಗಷ್ಟೇ ದೀಪ ಹಾಕಿದ್ದರು. ಡ್ರೈವಿನ ಮೇಲ್ಮುಚ್ಚಳ ಕಳಚಿತ್ತು, ತಿರುಪುಗಳು ಸಡಿಲವಾಗಿದ್ದವು. ಮೇಜಿನ ತುಂಬ ಹಾಳು ಫ್ಲಾಪಿಗಳು ಚೆಲ್ಲಾಡಿದ್ದವು. ಅವಳು ಹೋದ ಮೇಲೆ ಅವನ ಗಂಟಲಲ್ಲಿ ಅನ್ನ ಇಳಿದಿರಲಿಲ್ಲವಂತೆ. ಮೆಷಿನ್ನು ಬಂದದ್ದು ಆಸ್ಪತ್ರೆಯ ಗುಜರಿಯ ಜೊತೆ. ತನ್ನ ಹಾಳು ಡಬ್ಬದಲ್ಲಿ ಆಸ್ಪತ್ರೆಯ ಫ್ಲಾಪಿ ಒಂದಾದರೂ ಸೇರಿಕೊಂಡಿರಬಾರದೇ ಎಂದು ಡಬ್ಬ ಬೋರಲು ಹಾಕಿ, ಹೆಡ್ಡನ್ನು ಕೂದಲೆಳೆಯಷ್ಟು ಸರಿಸುವುದು, ಎಲ್ಲವನ್ನೂ ಒಂದು ಸುತ್ತು ಹಾಕಿ ನೋಡುವುದು, ಮತ್ತೆ ಸರಿಸುವುದು, ಇದನ್ನೇ ಮಾಡುತ್ತಾ ಕೂತಿದ್ದ. ಅದರಲ್ಲಿ ಒಂದು ಬಾಯಿ ಬಿಟ್ಟಿತ್ತು.

“ನೋಡಿ ಅಕ್ಕ. ರಕ್ತನಿಧಿಯದೇ.”

ಪರದೆಯ ಮೇಲೆ ಕಡತದ ಹೆಸರು, ಅದರ ಎದುರಿಗೆ ಬರೆದ ದಿನ, ಹೊತ್ತು. ದಿನ, ಬಾಣಂತಿ ಸತ್ತ ದಿನವೇ. ಹೊತ್ತನ್ನು ಅವಳು ಎರಡು ಸಲ ಓದಿದಳು. ಆ ಹೊತ್ತಿನಲ್ಲಿ ತಮ್ಮ ಅವಳ ಅಡುಗೆಮನೆಯಲ್ಲಿ ಕೂತು ಪತಿವ್ರತೆಯ ಜೋಕು ಹೇಳುತ್ತಿದ್ದ. ಅವನಲ್ಲದ ಯಾರೋ ಆ ರಾತ್ರಿ ಆ ಮೆಷಿನ್ನಿನ ಮುಂದೆ ಕೂತಿದ್ದರು, ಅಲ್ಲಿದ್ದದ್ದನ್ನು ನಕಲು ಮಾಡಿಕೊಂಡು ಹೋಗಿದ್ದರು. ಹೊರಗೆ ಯಾವ ಮೆಷಿನ್ನಿಗೆ ಹಾಕಿದರೂ ಓದಲಿಲ್ಲವೆಂದು, ನಕಲು ಆಗಿಲ್ಲವೆಂದುಕೊಂಡು ಬಿಸಾಡಿದ್ದರು.

“ಈಗ ಜಾಗ ಸಿಕ್ತು,” ಎಂದ ಭೂತಗನ್ನಡಿ. ಅವನ ಕಣ್ಣಲ್ಲಿ ನೀರಿತ್ತು. “ಹೆಡ್ಡು ಮುಟ್ಟಲ್ಲ, ಹಾಗೇ ಇರಲಿ. ತಮ್ಮನ ಫ್ಲಾಪಿ ಕೊಡಿ ಅಕ್ಕ, ಒಂದೇ ಸಲಕ್ಕೆ ಓದುತ್ತೆ.”

“ಇದು ಯಾವ ಫ್ಲಾಪಿ?” ಎಂದಳು ಅವಳು.

ಅವನು ಗುಂಡಿ ಒತ್ತಿ ಹೊರಗೆ ತೆಗೆದುಕೊಟ್ಟ. ಅದರ ಬಾಯಿಗೆ ತಗಡಿನ ಬಾಗಿಲು ಇರಲಿಲ್ಲ. ತಿರುಗಿಸಿದಳು. ಬಿಳಿಯ ಚೀಟಿಯ ಮೇಲೆ ಒಂದರ ಮೇಲೊಂದು ಬಿದ್ದ ಟೀ ಲೋಟದ ಕಂದು ಬಳೆಗಳಿದ್ದವು.

ಅವಳು ಬಹಳ ಹೊತ್ತು ಆ ಬಳೆಗಳನ್ನೇ ನೋಡಿದಳು. ಖಾಲಿ ಉಳಿದ ಊಟದ ತಟ್ಟೆ ನೆನಪಾಯಿತು; ಆ ರಾತ್ರಿ ಮಾವನ ಹತ್ತಿರ ಬಂದು ಕೂತಿದ್ದ ಕಕ್ಷಿದಾರರು ಯಾರೆಂದು ಅವಳು ಕೇಳಿಯೇ ಇರಲಿಲ್ಲ. ದೊಡ್ಡವರು ಬಂದು ನಿಂತರೆ ಎಂದ ಗುಮಾಸ್ತ ನೆನಪಾದ. ತಾನೇ ಬಾಯಾರೆ ಎಲ್ಲ ವಿವರಿಸಿ, ಕರ್ಚೀಫಿನಲ್ಲಿ ಸುತ್ತಿ ಕೊಟ್ಟು ಬಂದದ್ದು ನೆನಪಾಯಿತು. ಜ್ವರ ಬಂದಾಗ ರಾತ್ರಿಯಿಡೀ ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದ ಮಾವನ ಕೈಗೇ ಕೊಟ್ಟಿದ್ದಳು.

“ಅಕ್ಕ? ತಮ್ಮನ ಫ್ಲಾಪಿ?”

ಅವಳು ಅಂಗಡಿಯ ಫೋನು ಎತ್ತಿದಳು. ಬೆರಳು ಎರಡು ಸಲ ತಪ್ಪು ನಂಬರು ಒತ್ತಿತು. ಮೂರನೆಯ ಸಲ ಆ ಕಡೆ ಎತ್ತಿದವರು ಮಾವನೇ.

ಆ ಫ್ಲಾಪಿ ಇನ್ನೊಂದು ಸಲ ಬೇಕಿತ್ತು ಮಾವ, ಕೊನೇ ಸಲ ಹಾಕಿ ನೋಡಿ ಕೈಬಿಡ್ತೀನಿ, ಇಲ್ಲಾಂದ್ರೆ ಮನಸ್ಸಿಗೆ ಸಮಾಧಾನ ಆಗಲ್ಲ ಎಂದಳು.

ಆ ಕಡೆ ಲೋಟದಲ್ಲಿ ಚಮಚ ತಿರುಗುವುದು ಕೇಳಿಸಿತು. ಆಮೇಲೆ ಅದು ನಿಂತಿತು.

“ಬಾಗಿಲು ಕೀಳೋಕೆ ಅಂತ ನಾನು ಕೊಟ್ಟಿದ್ದು ಓದ್ತು, ಅಲ್ವಾ?” ಎಂದರು ಮಾವ. ಬೈಗುಳವಿರಲಿಲ್ಲ, ಬೆದರಿಕೆಯೂ ಇರಲಿಲ್ಲ. ಮಗಳೇ ಟೀ ಕುಡಿ ಎನ್ನುವಾಗಿನ ಅದೇ ದನಿ.

ಅವಳು ಕೈಯಲ್ಲಿದ್ದ ಫ್ಲಾಪಿಯನ್ನು ಚೀಲಕ್ಕೆ ಹಾಕಿಕೊಂಡಳು.

“ಅಲ್ಲೇ ಇರು, ಬರ್ತಿದೀನಿ,” ಎಂದರು ಅವರು. “ನನ್ನದು ನನಗೆ ಕೊಡು ಮಗಳೇ. ನಿನ್ನ ತಮ್ಮಂದು ನಿನಗೆ ಕೊಡ್ತೀನಿ.”